ಬಸವ: ಒಂದು ಪದದ ನಡಿಗೆ
(ಬಾನುಲಿ ಭಾಷಣ)

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ನಮ್ಮಂಥವರ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಒಂದು ಪ್ರಾಣಿಯ ಹೆಸರು ಬಂದುಹೋಗುತ್ತದೆ. ಪ್ರಾಣಿಯನ್ನು ಹೆಸರಿಸಿದೆವೆಂಬ ಅರಿವು ಮಾತ್ರ ನಮಗಿರುವುದಿಲ್ಲ. ಜಯನಗರದಿಂದ ಆಟೋ ಹತ್ತಿ ‘ಬಸವನಗುಡಿ’ ಎನ್ನುತ್ತೇವೆ. ನೆರೆಮನೆಯ ಬಸವರಾಜಪ್ಪನವರನ್ನು ಕೂಗುತ್ತೇವೆ. ಮಳೆ ನಿಂತ ಬೆಳಗ್ಗೆ ಹೂವಿನ ಕುಂಡದ ಮೇಲೆ ತೆವಳುವ ಹುಳುವನ್ನು ಮಕ್ಕಳಿಗೆ ತೋರಿಸಿ ‘ಬಸವನಹುಳು ನೋಡು’ ಎನ್ನುತ್ತೇವೆ. ಬಡಾವಣೆ, ಮನುಷ್ಯ, ಹುಳು, ಈ ಮೂರರ ಹೆಸರಿನಲ್ಲಿಯೂ ನಿಂತಿರುವವನು ಒಬ್ಬನೇ ಬಸವ. ಅವನು ಎಲ್ಲಿಂದ ಬಂದ, ಎಲ್ಲೆಲ್ಲಿಗೆ ಹೋದ ಎಂಬುದನ್ನು ನೋಡೋಣ.

ವೈಯಾಕರಣರ ಪ್ರಕಾರ ‘ಬಸವ’ ಎಂಬುದು ಸಂಸ್ಕೃತದ ‘ವೃಷಭ’ದ ತದ್ಭವ. ಅದು ನೇರವಾಗಿ ಬಂದದ್ದಲ್ಲ; ಪ್ರಾಕೃತದ ಅಂಗಳವನ್ನು ಹಾಯ್ದು ಬಂದದ್ದು. ಪ್ರಾಕೃತದಲ್ಲಿ ಅದರ ರೂಪ ‘ವಸಹ’. ಋಕಾರ ಅಳಿದು ಅಕಾರವಾಯಿತು. ಋಷಿ ರಿಸಿಯಾದಂತೆ, ಭಾಷೆ ಬಾಸೆಯಾದಂತೆ ಷಕಾರ ಸಕಾರವಾಯಿತು. ಭಕಾರದ ಬಿಗಿ ಸಡಿಲಿ ಹಕಾರವಷ್ಟೇ ಉಳಿಯಿತು. ವನ ಬನವಾದಂತೆ, ವರ್ಣ ಬಣ್ಣವಾದಂತೆ ಕನ್ನಡವು ಮೊದಲಿನ ವಕಾರವನ್ನು ಬಕಾರ ಮಾಡಿಕೊಂಡಿತು. ಕೊನೆಯ ಹಕಾರ ವಕಾರವಾಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟದ್ದು ಇಂಥ ಪದಗಳ ಪಯಣವನ್ನು ನಿಯಮಕ್ಕೆ ತರುವುದಕ್ಕಾಗಿಯೇ. ಇನ್ನು ‘ವೃಷಭ’ದ ಮೂಲವಾದ ‘ವೃಷ್’ ಧಾತುವಿಗೆ ಸುರಿಸು ಎಂದು ಅರ್ಥ. ವರ್ಷ, ವೃಷ್ಟಿ ಎಂಬ ಮಳೆಯ ಪದಗಳೂ ಅದೇ ಧಾತುವಿನವು. ಫಲವನ್ನು ಸುರಿಸುವುದು ವೃಷಭ, ನೀರನ್ನು ಸುರಿಸುವುದು ವರ್ಷ. ಬೇಸಾಯದ ಜನ ಇವೆರಡನ್ನೂ ಒಂದೇ ಬಳ್ಳಿಯಲ್ಲಿ ಕಂಡದ್ದರಲ್ಲಿ ಆಶ್ಚರ್ಯವೇನಿದೆ? ಜೈನರ ಆದಿ ತೀರ್ಥಂಕರನಿಗೂ ವೃಷಭನಾಥನೆಂದೇ ಹೆಸರು, ವೃಷಭವೇ ಲಾಂಛನ. 941ರಲ್ಲಿ ಪಂಪನು ‘ಆದಿಪುರಾಣ’ವನ್ನು ಬರೆದದ್ದು ಅವನನ್ನು ಕುರಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕನ್ನಡಕ್ಕೆ ಈ ಪದ ಬೇಕಾಗಿತ್ತೆ? ನಮ್ಮಲ್ಲಿ ಅಚ್ಚ ದೇಶ್ಯ ಪದಗಳಿಗೆ ಕೊರತೆಯಿರಲಿಲ್ಲ. ನೊಗಕ್ಕೆ ಇನ್ನೂ ಪಳಗದ ಎಳೆಯದು ಹೋರಿ. ತಳಿಗೆಂದು ಉಳಿಸಿಕೊಂಡದ್ದು ಗೂಳಿ. ಉಳುವುದಕ್ಕೂ ಬಂಡಿಗೂ ಪಳಗಿಸಿದ್ದು ಎತ್ತು. ತಮಿಳಿನ ಎರುದು, ತೆಲುಗಿನ ಎದ್ದು ಇವು ಎತ್ತಿನ ಒಡಹುಟ್ಟುಗಳು. ಹೊಲದ ಕೆಲಸಕ್ಕೆ ಈ ಮೂರು ಮಾತು ಸಾಕಾಗಿದ್ದವು. ಹೊಲದ ಕೆಲಸವನ್ನೇ ಮಾಡದ, ನೊಗವನ್ನೇ ಹೊರದ, ದೇವರಿಗೆಂದು ಬಿಟ್ಟ ಪ್ರಾಣಿಗೆ ಬೇರೊಂದು ಹೆಸರು ಬೇಕಾಯಿತು. ಆ ಸ್ಥಾನದಲ್ಲಿ ಬಂದು ನಿಂತವನು ಬಸವ.

ಈ ಭೇದವನ್ನು ನಮ್ಮ ವ್ಯಾಕರಣವೇ ಸಾರಿ ಹೇಳುತ್ತದೆ. ಕನ್ನಡದಲ್ಲಿ ಪ್ರಾಣಿಗಳೆಲ್ಲ ನಪುಂಸಕಲಿಂಗ. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎನ್ನುತ್ತೇವೆಯೇ ಹೊರತು ‘ಎಳೆದನು’ ಎನ್ನುವುದಿಲ್ಲ. ಬಸವನ ಮಾತು ಬೇರೆ. ‘ಬಸವ ಬಂದ’, ‘ಬಸವನಿಗೆ ಬೆಲ್ಲ ಕೊಡು’ ಎಂದು ಮನುಷ್ಯರ, ದೇವತೆಗಳ ಸಾಲಿನಲ್ಲಿ ಅವನಿಗೆ ಪುಲ್ಲಿಂಗ ಸಲ್ಲುತ್ತದೆ. ಎರಡು ಕೊಂಬಿನ ಹೋಲಿಕೆಯಿಂದ ಹೆಸರು ಪಡೆದ ಆ ಬಡ ಹುಳು ಕೂಡ ‘ಬಸವನ’ ಹುಳುವಾಯಿತು. ಸಂಕ್ರಾಂತಿಯ ಮುಂಚೆ ನಮ್ಮ ಬೀದಿಗಳಿಗೆ ಜೂಲು ಹೊದ್ದು ಓಲಗದೊಡನೆ ಬರುವ ಕೋಲೆ ಬಸವ ತಲೆಯಾಡಿಸಿ ‘ಹೌದು’ ಎಂದರೆ ಮನೆಯವರು ಕೈಮುಗಿಯುತ್ತಾರೆ. ಆದರೆ ಕೇಳಿದ್ದಕ್ಕೆಲ್ಲ ಹೂಂಗುಟ್ಟುವ ಮನುಷ್ಯನನ್ನು ‘ಕೋಲೆ ಬಸವ’ ಎಂದು ಹಾಸ್ಯಮಾಡುವವರೂ ಅವರೇ. ಭಕ್ತಿ, ಪರಿಹಾಸ್ಯ ಎರಡನ್ನೂ ಒಂದೇ ಪದ ಹೊತ್ತು ನಡೆಯುತ್ತದೆ.

ಸತ್ತವರ ಸದ್ಗತಿಗಾಗಿ ಮುದ್ರೆಯೊತ್ತಿ ಹೋರಿಯನ್ನು ಬಿಡುವ ಕರ್ಮಕ್ಕೆ ಧರ್ಮಶಾಸ್ತ್ರದಲ್ಲಿ ವೃಷೋತ್ಸರ್ಗ ಎಂದು ಹೆಸರು. ನಮ್ಮ ಹಳ್ಳಿಯ ಮಾತಿನಲ್ಲಿ ‘ಬಸವನನ್ನು ಬಿಡುವುದು’. ಹಾಗೆ ಬಿಟ್ಟ ಬಸವ ಯಾರ ಸೊತ್ತೂ ಅಲ್ಲ. ಆದುದರಿಂದ ಯಾರ ಹೊಲವೂ ಅವನಿಗೆ ಅನ್ಯವಲ್ಲ. ಅವನು ಮೇಯ್ದರೆ ಹೊಡೆಯಬಾರದು. ಸುಂಕೇನಹಳ್ಳಿಯ ಐತಿಹ್ಯ ಹುಟ್ಟಿರುವುದು ಈ ಕಟ್ಟಳೆಯಿಂದಲೇ. ಕಡಲೆಕಾಯಿ ಹೊಲಗಳನ್ನು ಮೇಯುತ್ತಿದ್ದ ಬಸವನೊಬ್ಬನನ್ನು ರೈತನು ಹೊಡೆದನಂತೆ. ಬಸವ ಅಲ್ಲಿಯೇ ಕಲ್ಲಾದನಂತೆ. ಆ ಕಲ್ಲಿಗೆ ಕೆಂಪೇಗೌಡನು ಗುಡಿ ಕಟ್ಟಿಸಿದನೆಂದು ಪ್ರತೀತಿ. ಒಂದೇ ಬಂಡೆಯಲ್ಲಿ ಕಡೆದ, ಸುಮಾರು 15 ಅಡಿ ಎತ್ತರ 20 ಅಡಿ ಉದ್ದದ ಆ ದೊಡ್ಡ ಬಸವಣ್ಣನೇ ಬಸವನಗುಡಿಗೆ ಹೆಸರು ಕೊಟ್ಟವನು. ಕಾರ್ತಿಕದ ಕೊನೆಯ ಸೋಮವಾರ ರೈತರು ಮೊದಲ ಬೆಳೆಯನ್ನು ಅವನಿಗೊಪ್ಪಿಸುವ ಕಡಲೆಕಾಯಿ ಪರಿಷೆಯನ್ನು ತಾವೆಲ್ಲ ಬಲ್ಲಿರಿ. ಸನಿಹದ ಗವಿಪುರದ ಗಂಗಾಧರೇಶ್ವರನ ಮುಂದೆ ಕುಳಿತವನನ್ನು ನಂದಿ ಎನ್ನುತ್ತೇವೆ. ಗುಡ್ಡದ ಮೇಲಿರುವ ಇವನು ಮಾತ್ರ ಜನರ ಬಾಯಲ್ಲಿ ಬಸವಣ್ಣ. ನಂದಿ ಆಗಮದ ಹೆಸರು, ಬಸವಣ್ಣ ಅಕ್ಕರೆಯ ಹೆಸರು.

ಈ ಪದವು ಮುಟ್ಟಿದ ಅತ್ಯುನ್ನತ ಶಿಖರ ಹನ್ನೆರಡನೆಯ ಶತಮಾನದ್ದು. ಬಾಗೇವಾಡಿಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದ ಬಸವಣ್ಣನವರನ್ನು ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’ವೂ 1369ರ ಭೀಮಕವಿಯ ಕನ್ನಡ ‘ಬಸವಪುರಾಣ’ವೂ ನಂದಿಯ ಅವತಾರವೆಂದೇ ಕೊಂಡಾಡಿದುವು. ಪುರಾಣದ ಮಾತು ಹಾಗಿರಲಿ. ಯಾರ ನೊಗಕ್ಕೂ ಒಳಪಡದವನು ಎಂಬ ಪದದ ಒಳಗಿನ ಅರ್ಥ, ಕುಲದ ನೊಗವನ್ನು ಕಿತ್ತೊಗೆದ ಆ ಮಹಾಪುರುಷನಲ್ಲಿ ತುಂಬಿ ನಿಂತಿತು. ಅಂದಿನಿಂದ ಬಸಪ್ಪ, ಬಸವರಾಜ, ಬಸವಯ್ಯ, ಬಸಮ್ಮ, ಬಸವ್ವ ಎಂದು ಲಕ್ಷಾಂತರ ಮನೆಗಳಲ್ಲಿ ಹೆಸರಿಡುವಾಗ ತಂದೆತಾಯಿಗಳ ಮನಸ್ಸಿನಲ್ಲಿ ಪ್ರಾಣಿ ಹಿಂದೆ ಸರಿದು ಮನುಷ್ಯ ಮುಂದೆ ಬಂದ.

ಇದೇ ಪದ ಇಳಿದ ಪಾತಾಳವೂ ಒಂದಿದೆ. ಬಳ್ಳಾರಿ ಸೀಮೆಯ ಕಾಲೇಜೊಂದರಲ್ಲಿ ನಾನು ತದ್ಭವ ಪ್ರಕರಣವನ್ನು ಪಾಠ ಹೇಳುತ್ತಿದ್ದ ದಿನ, ಕಪ್ಪುಹಲಗೆಯ ಮೇಲೆ ‘ವೃಷಭ – ಬಸವ’ ಎಂದು ಬರೆದೆ. ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು, “ಹಂಗಾದ್ರೆ ಬಸವಿ ಅಂಬೋದು ಎಲ್ಲಿಂದ ಬಂತ್ರಿ ಸರ್?” ಎಂದು ಕೇಳಿದಳು. ಅರಸ – ಅರಸಿ, ದಾಸ – ದಾಸಿ ಎಂಬಂತೆ ಇಕಾರ ಹತ್ತಿ ಬಂದದ್ದೆಂದು ಹೇಳಿದೆ. ಅವಳು ಕುಳಿತುಕೊಳ್ಳಲಿಲ್ಲ. “ನಮ್ಮಜ್ಜಿಗೆ ಮನ್ಯಾಗ ಬಸಮ್ಮ ಅಂತಿದ್ರು, ಊರಾಗ ಬಸವಿ ಅಂತಿದ್ರು. ಎರಡೂ ಒಂದೇ ಏನ್ರಿ?” ಎಂದಳು. ಉಳಿದ ಪಾಠವನ್ನು ಬದಿಗಿಟ್ಟು ಆ ತರಗತಿಯಿಡೀ ನಾವು ಅದನ್ನೇ ಮಾತಾಡಿದೆವು.

ಎರಡೂ ಒಂದೇ ಅಲ್ಲ. ಬಸವನ ಹೆಣ್ಣು ಜಾತಿ ಹಸು; ಯಾವ ಹಸುವನ್ನೂ ಯಾರೂ ಬಸವಿ ಎಂದು ಕರೆದದ್ದಿಲ್ಲ. ಆ ಪದ ಇರುವುದು ಮನುಷ್ಯ ಹೆಣ್ಣಿಗೆ ಮಾತ್ರ. ಗಂಡುಸಂತಾನವಿಲ್ಲದ ಮನೆಯವರು ಮಗಳೊಬ್ಬಳನ್ನು ದೇವರಿಗೆ ಬಿಡುತ್ತಿದ್ದರು. ಅವಳಿಗೆ ಮದುವೆಯಿಲ್ಲ, ತವರಿನಲ್ಲಿಯೇ ಇದ್ದು ಮಗನಂತೆ ಆಸ್ತಿಗೆ ಹಕ್ಕುದಾರಳಾಗಬೇಕು, ಮಗನಂತೆ ತಂದೆತಾಯಿಗಳ ಅಂತ್ಯಕ್ರಿಯೆ ಮಾಡಬೇಕು. ‘ಬಿಟ್ಟದ್ದು’, ‘ಯಾರೊಬ್ಬರದೂ ಅಲ್ಲದ್ದು’ ಎಂಬ ಬಸವನ ಅರ್ಥವನ್ನೇ ಅವಳ ಮೇಲೆ ಹೊರಿಸಿದರು. ಬಸವನಿಗೆ ಅದು ಬಿಡುಗಡೆ: ಯಾರ ಹೊಲವನ್ನಾದರೂ ಮೇಯಬಹುದು, ಯಾರೂ ಹೊಡೆಯಬಾರದು. ಬಸವಿಗೆ ಅದು ತಿರುವುಮುರುವಾಯಿತು: ಅವಳೇ ಊರಿನ ಹೊಲವಾದಳು, ಅವಳನ್ನು ಕಾಯುವ ಕಟ್ಟಳೆ ಯಾವುದೂ ಇರಲಿಲ್ಲ. ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿದ್ದಾಗ, 1947ರಲ್ಲಿ ಅಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯಾಯಿತು. 1982ರಲ್ಲಿ ಕರ್ನಾಟಕವೂ ಕಾಯಿದೆ ಮಾಡಿತು. ಆಚರಣೆಯನ್ನು ಕಾಯಿದೆ ನಿಷೇಧಿಸಬಲ್ಲುದು. ಊರ ನಾಲಿಗೆಯ ಮೇಲಿನ ಪದವನ್ನು ಅದು ಮುಟ್ಟಲಾರದು.

ಪದಕ್ಕೆ ಸ್ವತಃ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಒಂದೇ ‘ಬಸವ’ಕ್ಕೆ ‘ಅಣ್ಣ’ ಎಂದು ಸೇರಿಸಿದವರೂ ನಾವೇ, ‘ಇ’ ಎಂದು ಸೇರಿಸಿದವರೂ ನಾವೇ. ಬಸಮ್ಮ ಎಂಬುದರಲ್ಲಿ ಒಬ್ಬ ತಾಯಿಯಿದ್ದಾಳೆ, ಅವಳಿಗೊಂದು ಮನೆಯಿದೆ. ಬಸವಿ ಎಂಬುದರಲ್ಲಿ ಊರು ಕೊಟ್ಟ ಗುರುತು ಮಾತ್ರ ಇದೆ. ನಿಘಂಟಿನಲ್ಲಿ ಎರಡಕ್ಕೂ ಸ್ಥಳವಿರಬೇಕಾದದ್ದು ನ್ಯಾಯ, ಏಕೆಂದರೆ ನಡೆದದ್ದನ್ನು ನಿಘಂಟು ಮರೆಯಬಾರದು. ಆದರೆ ಒಬ್ಬ ಹೆಣ್ಣುಮಗಳನ್ನು ಎದುರಿಗೆ ಕರೆಯುವಾಗ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ವ್ಯಾಕರಣದ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಹೇಳಬೇಕಾದವರು ಮಾತಾಡುವ ನಾವು.