ಟರ್ಬೊ ಕಾರಿಗೆ ಇನ್ನಷ್ಟು ಶಕ್ತಿ: ಮೊದಲು ಯಾವುದು, ಕೊನೆಗೆ ಯಾವುದು?

ನಮ್ಮ ರಸ್ತೆಗಳಲ್ಲಿ ಓಡಾಡುವ ಅನೇಕ ಚಿಕ್ಕ ಕಾರುಗಳ ಹಿಂಬದಿಯಲ್ಲಿ ‘ಟರ್ಬೊ’ ಎಂಬ ಪದವನ್ನು ನೀವು ನೋಡಿರುತ್ತೀರಿ. ಕೇವಲ ಒಂದು ಲೀಟರ್ ಗಾತ್ರದ ಪೆಟ್ರೋಲ್ ಎಂಜಿನ್ನಿನಿಂದ 100ರಿಂದ 120 ಅಶ್ವಶಕ್ತಿ ಪಡೆಯುವ ಕಾರುಗಳು ಈಗ ಮಧ್ಯಮ ವರ್ಗದ ಮನೆಗಳಿಗೂ ಬಂದಿವೆ. ಅವುಗಳ ಹಿಂದೆಯೇ, ‘ಒಂದೆರಡು ಗಂಟೆಯಲ್ಲಿ ಇನ್ನೂ ಇಪ್ಪತ್ತು ಅಶ್ವಶಕ್ತಿ ಕೂಡಿಸಿಕೊಡುತ್ತೇವೆ’ ಎನ್ನುವ ಅಂಗಡಿಗಳೂ ಬಂದಿವೆ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಹಣ ಕೊಡುವ ಮೊದಲು ಆ ಹೆಚ್ಚಿನ ಶಕ್ತಿ ಎಲ್ಲಿಂದ ಬರುತ್ತದೆ, ಅದರ ಜೊತೆಗೆ ಹುಟ್ಟುವ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೆ ತಿಳಿದಿರಬೇಕು. ನಿಮ್ಮ ಎಂಜಿನ್ನಿನ ಆಯುಷ್ಯ ಇರುವುದು ಈ ಎರಡನೆಯ ಪ್ರಶ್ನೆಯಲ್ಲೇ.

ಗಾಳಿ ಮತ್ತು ಶಾಖ

ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವುದು ಕಷ್ಟವಲ್ಲ. ಅದನ್ನು ಉರಿಸಲು ಬೇಕಾದಷ್ಟು ಗಾಳಿ ಒದಗಿಸುವುದು ಕಷ್ಟ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೊಂದು ಉಪಾಯ ಹುಡುಕಿ ಪೇಟೆಂಟ್ ಪಡೆದರು. ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸುವುದು, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು. ಇಂದಿನ ಚಿಕ್ಕ ಟರ್ಬೊಗಳಲ್ಲಿ ಈ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹೊತ್ತು ನಿಂತಿರುವುದು ತೆಳುವಾದ ಒಂದು ಆಯಿಲ್ ಪದರ ಮಾತ್ರ.

ಸೈಕಲ್ ಪಂಪಿನಿಂದ ಗಾಳಿ ಹೊಡೆದವರಿಗೆ ಗೊತ್ತು, ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಅದರ ಉಷ್ಣತೆ ಸುಮಾರು 120 ಡಿಗ್ರಿಗೆ ಹೋಗುತ್ತದೆ. ಬಿಸಿ ಗಾಳಿ ಹಿಗ್ಗಿಕೊಂಡಿರುವುದರಿಂದ ಅದರಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ಕಾರಿನ ಮುಂಭಾಗದಲ್ಲಿ ರೇಡಿಯೇಟರನ್ನು ಹೋಲುವ ‘ಇಂಟರ್‌ಕೂಲರ್’ ಇಡುತ್ತಾರೆ. ಕೆಲವು ಕಾರುಗಳಲ್ಲಿ ಈ ಕೆಲಸವನ್ನು ನೀರು ಮಾಡುತ್ತದೆ. ಆ ಗಾಳಿಯನ್ನು 50 ಡಿಗ್ರಿಗೆ ಇಳಿಸಿದರೆ, ಅದೇ ಒತ್ತಡದಲ್ಲಿ ಸುಮಾರು ಐದನೆಯ ಒಂದು ಭಾಗದಷ್ಟು ಹೆಚ್ಚು ಗಾಳಿ ಸಿಲಿಂಡರಿನಲ್ಲಿ ಹಿಡಿಯುತ್ತದೆ.

ಗಾಳಿ ಬಿಸಿಯಾಗಿಯೇ ಒಳಹೊಕ್ಕರೆ ಇನ್ನೊಂದು ಅಪಾಯವಿದೆ. ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದೇ ‘ನಾಕಿಂಗ್’. ಪಿಸ್ಟನ್ನಿಗೆ ಇದು ಸುತ್ತಿಗೆಯ ಪೆಟ್ಟಿನಂತೆ. ಕಾರಿನ ಕಂಪ್ಯೂಟರು ಈ ಸದ್ದನ್ನು ಗುರುತಿಸಿ ಕಿಡಿಯ ಹೊತ್ತನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಕುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯ ಬಿಸಿಲಿನಲ್ಲಿ ಟರ್ಬೊ ಕಾರು ಮಂಕಾದಂತೆ ಅನಿಸುವುದಕ್ಕೆ ಇದೂ ಒಂದು ಕಾರಣ.

ಮೊದಲ ಹೆಜ್ಜೆ: ಇರುವುದನ್ನು ಸರಿಪಡಿಸಿ

ಹಳೆಯದಾದ ರಬ್ಬರ್ ಹೋಸಿನ ಸಣ್ಣ ಬಿರುಕಿನಿಂದಲೂ ಟರ್ಬೊ ಒತ್ತಿದ ಗಾಳಿ ಸೋರಿಹೋಗುತ್ತದೆ. ಹೋಸು, ಕ್ಲಿಪ್ಪು, ಏರ್ ಫಿಲ್ಟರು, ಸ್ಪಾರ್ಕ್ ಪ್ಲಗ್ಗುಗಳನ್ನು ನೋಡಿಸಿ. ಇಂಟರ್‌ಕೂಲರಿಗೆ ಮೆತ್ತಿದ ಕೆಸರು, ಹುಳುಗಳನ್ನು ಹಗುರವಾದ ನೀರಿನಿಂದ ತೊಳೆಸಿ. ಎಷ್ಟೋ ಕಾರುಗಳು ಕಳೆದುಕೊಂಡ ಶಕ್ತಿಯನ್ನು ಇಷ್ಟರಿಂದಲೇ ಮರಳಿ ಪಡೆಯುತ್ತವೆ.

ಆಯಿಲ್ ವಿಷಯದಲ್ಲಿ ಉಳಿತಾಯ ಬೇಡ. ಕಾರಿನ ಪುಸ್ತಕದಲ್ಲಿ ಹೇಳಿದ ದರ್ಜೆಯನ್ನೇ, ಹೇಳಿದ ಅವಧಿಗೆ ಮೊದಲೇ ಬದಲಿಸಿ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ರಭಸವಾಗಿ ಹತ್ತಿ ನಿಂತಾಗ, ಎಂಜಿನ್ನನ್ನು ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ಆರಿಸಿ. ಕಾದ ಟರ್ಬೊದೊಳಗೆ ಆಯಿಲ್ ನಿಂತು ಸುಟ್ಟು ಕರಿಕಟ್ಟುವುದು ತಪ್ಪುತ್ತದೆ.

ಎರಡನೆಯದು: ಟೈರು ಮತ್ತು ಬ್ರೇಕು

ವೇಗ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ಬ್ರೇಕುಗಳು ಅರಗಿಸಬೇಕಾದ ಚಲನಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಶಕ್ತಿ ಕೂಡಿಸಬೇಕೆನ್ನುವವರು ಮೊದಲು ಒಳ್ಳೆಯ ಟೈರು, ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲ್ ಹಾಕಿಸಬೇಕು. ಅಂದಕ್ಕಾಗಿ ತೀರ ದೊಡ್ಡ, ಭಾರದ ಚಕ್ರ ಹಾಕಿದರೆ ಕಾರು ಏರುವುದೂ ನಿಲ್ಲುವುದೂ ನಿಧಾನವಾಗುತ್ತದೆ.

ಮೂರನೆಯದು: ತಂಪು ಗಾಳಿ

ಘಾಟಿಗಳಲ್ಲಿ ಅಥವಾ ಬಿಸಿಲು ನಾಡಿನಲ್ಲಿ ಹೆಚ್ಚು ಓಡಾಡುವವರಿಗೆ ತುಸು ದೊಡ್ಡ ಇಂಟರ್‌ಕೂಲರ್ ನಿಜಕ್ಕೂ ಉಪಯುಕ್ತ. ಇದು ಎಂಜಿನ್ನಿನ ಮೇಲೆ ಹೊಸ ಹೊರೆ ಹೇರದೆ ಶಾಖವನ್ನು ಇಳಿಸುತ್ತದೆ. ಅತಿ ದೊಡ್ಡದಾದರೆ ಅದರೊಳಗೆ ಗಾಳಿ ತುಂಬಲು ಹೊತ್ತು ಹಿಡಿದು, ಆಕ್ಸಿಲರೇಟರ್ ತುಳಿದಾಗ ಕಾರು ತಡವಾಗಿ ಸ್ಪಂದಿಸುತ್ತದೆ.

ಅಂಗಡಿಯವರು ಮೊದಲು ತೋರಿಸುವುದು ಬಾನೆಟ್ಟಿನೊಳಗೆ ತೆರೆದಿರುವ ಶಂಕುವಿನಾಕಾರದ ಏರ್ ಫಿಲ್ಟರನ್ನು. ಕಾರ್ಖಾನೆಯ ಪೆಟ್ಟಿಗೆ ಸಾಮಾನ್ಯವಾಗಿ ಕಾರಿನ ಮುಂಭಾಗದಿಂದ ತಂಪು ಗಾಳಿ ತರುತ್ತದೆ. ತೆರೆದ ಫಿಲ್ಟರು ಎಂಜಿನ್ನಿನ ಮಗ್ಗುಲ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಸದ್ದು ಚೆನ್ನಾಗಿರುತ್ತದೆ, ಲಾಭ ಅತ್ಯಲ್ಪ.

ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆಸುವ ಸಲಹೆಗೆ ಮಾತ್ರ ಕಿವಿಗೊಡಬೇಡಿ. 2020ರ ಏಪ್ರಿಲ್‌ನಿಂದ ಮಾರಾಟವಾದ ಕಾರುಗಳೆಲ್ಲ ಬಿ.ಎಸ್. 6 ಮಾನಕಕ್ಕೆ ಸೇರಿದವು. ಅದನ್ನು ತೆಗೆದರೆ ಕಾನೂನು ಮುರಿದಂತೆ. ಮೇಲಾಗಿ ಆ ವಿಷಾನಿಲ ಸೇರುವುದು ನಮ್ಮ ಮಕ್ಕಳು ಉಸಿರಾಡುವ ಗಾಳಿಗೇ.

ಕೊನೆಯದು: ರೀಮ್ಯಾಪ್

ಕಾರಿನ ಕಂಪ್ಯೂಟರಿನ ಲೆಕ್ಕವನ್ನು ತಿದ್ದಿ ಟರ್ಬೊ ಒತ್ತಡ ಏರಿಸುವುದೇ ರೀಮ್ಯಾಪ್. ಕೊಟ್ಟ ಹಣಕ್ಕೆ ಅತಿ ಹೆಚ್ಚು ಶಕ್ತಿ ಸಿಗುವುದು ಇದರಿಂದಲೇ. ತಯಾರಕರು ಕಳಪೆ ಇಂಧನ, ಕಡುಬಿಸಿಲು, ಎತ್ತರದ ಊರು ಎಂದು ಬಿಟ್ಟಿರುವ ಎಚ್ಚರಿಕೆಯ ಅಂತರವನ್ನು ಇದು ಖರ್ಚುಮಾಡುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಮಂಗಳೂರಿಗಿಂತ ಸುಮಾರು ಶೇಕಡ 10 ಕಡಿಮೆ. ಆ ಕೊರತೆ ತುಂಬಲು ಟರ್ಬೊ ಅಲ್ಲಿ ಈಗಾಗಲೇ ಹೆಚ್ಚು ವೇಗವಾಗಿ ತಿರುಗುತ್ತಿರುತ್ತದೆ. ಅದರ ಮೇಲೆ ಇನ್ನಷ್ಟು ಒತ್ತಡ ಬೇಡಿದರೆ ಉಳಿಯುವ ಅಂತರ ಬಹಳ ಕಡಿಮೆ. ಕಡಿಮೆ ವೇಗದಲ್ಲೇ ಭಾರೀ ಎಳೆತ ಕೊಡುವ ರೀಮ್ಯಾಪಿನಿಂದ ಕ್ಲಚ್ಚು ಜಾರಬಹುದು. ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್ನುಗಳಲ್ಲಿ, ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಮುರಿಯುವ ಸಂಭವವೂ ಉಂಟು.

ಕಾನೂನನ್ನೂ ನೆನಪಿಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಆದ್ದರಿಂದ ಯಾವುದೇ ಬದಲಾವಣೆಗೆ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ. ವಾರಂಟಿ ಮತ್ತು ವಿಮೆಯ ಷರತ್ತುಗಳನ್ನೂ ಓದಿ. ಅಪಘಾತವಾದ ಮೇಲೆ ಓದಿದರೆ ಪ್ರಯೋಜನವಿಲ್ಲ.

ಇಷ್ಟಾದ ಮೇಲೂ ರೀಮ್ಯಾಪ್ ಬೇಕೆನಿಸಿದರೆ, ಮಾಡುವವರನ್ನು ಮೂರು ಪ್ರಶ್ನೆ ಕೇಳಿ. ನನ್ನ ಕಾರಿನಲ್ಲೇ ಓಡಿಸಿ ಗಾಳಿಯ ಉಷ್ಣತೆ, ಒತ್ತಡ, ನಾಕಿಂಗ್ ದಾಖಲಿಸಿ ತೋರಿಸುತ್ತೀರಾ? ಮೂಲ ಲೆಕ್ಕವನ್ನು ಕಾದಿಟ್ಟು ಬೇಕಾದಾಗ ಮರಳಿ ಹಾಕಿಕೊಡುತ್ತೀರಾ? ನನ್ನ ಕ್ಲಚ್ಚು ಎಷ್ಟು ಎಳೆತ ತಾಳುತ್ತದೆ? ಇವಕ್ಕೆ ಅಂಕಿಗಳಲ್ಲಿ ಉತ್ತರ ಕೊಡದವರ ಕೈಗೆ ಕಾರಿನ ಕೀಲಿ ಕೊಡಬೇಡಿ. ಆ ಹಣದಲ್ಲಿ ನಾಲ್ಕು ಒಳ್ಳೆಯ ಟೈರು ಕೊಳ್ಳಿ. ಮಳೆಗಾಲದಲ್ಲಿ ಅದರ ಬೆಲೆ ನಿಮಗೇ ತಿಳಿಯುತ್ತದೆ.