ಮಾತ್ರೆ ಕೊಡುವ ಕೈಗೆ ಹೊಣೆ ಯಾರು?

ಮುದಗಲ್ಲಿನ ಮೊಹರಂ ಎಂದರೆ ಊರು ಬಿಟ್ಟವರು ಊರಿಗೆ ಮರಳುವ ಕಾಲ. ಜಾತಿ, ಮತಗಳ ಹಂಗಿಲ್ಲದೆ ಜನ ಸೇರುತ್ತಾರೆ. ದೂರದ ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳೂ ಬಂದು ಹೋಗುತ್ತಾರೆ. ಆ ಗದ್ದಲ ಅಡಗಿದ ಮೇಲೆ ಎಷ್ಟೋ ಮನೆಗಳಲ್ಲಿ ಉಳಿಯುವವರು ವೃದ್ಧರು ಮಾತ್ರ. ಅವರೊಂದಿಗೆ ಉಳಿಯುವುದು ಗೂಟಕ್ಕೆ ನೇತುಹಾಕಿದ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ರಕ್ತದೊತ್ತಡದ, ಮಧುಮೇಹದ, ಹೃದಯದ, ನಿದ್ರೆಯ ಮಾತ್ರೆಗಳು.

ಆ ಚೀಲವನ್ನು ಬಿಚ್ಚುವವರು ಯಾರು? ಕಣ್ಣು ಮಂಜಾದ, ನೆನಪು ಕೈಕೊಡುತ್ತಿರುವ ಹಿರಿಯರಿಗೆ ಹೊತ್ತುಹೊತ್ತಿಗೆ ಮಾತ್ರೆ ತೆಗೆದುಕೊಡುವವರು ಪಕ್ಕದ ಮನೆಯ ಹುಡುಗಿ, ಮನೆಗೆಲಸದ ಹೆಂಗಸು ಅಥವಾ ತಿಂಗಳ ಸಂಬಳಕ್ಕೆ ಗೊತ್ತುಮಾಡಿದ ಆಯಾ. ಕಳೆದ ವರ್ಷ ಪರಿಚಿತರೊಬ್ಬರ ಮನೆಯಲ್ಲಿ ಅಂಥ ಒಬ್ಬ ಹೆಣ್ಣುಮಗಳನ್ನು ಕೇಳಿದೆ: 'ಇವು ಯಾತರ ಗುಳಿಗಿ ತಂಗಿ?' ಆಕೆ ಹೇಳಿದಳು: 'ಯಾತರವು ಅಂತ ಗೊತ್ತಿಲ್ರಿ. ಮುಂಜಾನಿ ಕೆಂಪುದು, ರಾತ್ರಿ ಬಿಳೇದು ಕೊಡು ಅಂದಾರ್ರಿ.' ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟು ಬಣ್ಣವೇ ಬದಲಾದರೆ? 'ಅವರ ಮಗಗ ಫೋನ್ ಮಾಡ್ತೀನ್ರಿ. ಎತ್ತಿದರ ಕೇಳ್ತೀನಿ.'

ಆಕೆಯ ಪ್ರಾಮಾಣಿಕತೆಯಲ್ಲಾಗಲಿ, ಅಜ್ಜಿಯ ಮೇಲಿನ ಅಕ್ಕರೆಯಲ್ಲಾಗಲಿ ನನಗೆ ಕಿಂಚಿತ್ತೂ ಸಂಶಯವಿಲ್ಲ. ಸಂಶಯವಿರುವುದು ಒಂದು ಜೀವವನ್ನು ಬಣ್ಣದ ಗುರುತಿನ ಮೇಲೆ ನಿಲ್ಲಿಸಿರುವ ನಮ್ಮ ವ್ಯವಸ್ಥೆಯ ಬಗ್ಗೆ.

ಔಷಧವೊಂದು ರೋಗಿಯ ಬಾಯಿ ಸೇರುವ ದಾರಿಯನ್ನು ಗಮನಿಸಿ. ಚೀಟಿ ಬರೆಯುವ ವೈದ್ಯರು ನೋಂದಾಯಿತರಾಗಿರಬೇಕು. ಔಷಧದ ಅಂಗಡಿಗೆ ಪರವಾನಗಿ ಬೇಕು. 1948ರ ಫಾರ್ಮಸಿ ಕಾಯ್ದೆಯಂತೆ ವೈದ್ಯರ ಚೀಟಿಯ ಮದ್ದನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು. ಆಸ್ಪತ್ರೆಯಲ್ಲಿ ಅದನ್ನು ರೋಗಿಗೆ ಕೊಡುವ ಶುಶ್ರೂಷಕಿ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಇಷ್ಟೆಲ್ಲ ಕಾವಲು ದಾಟಿ ಬಂದ ಔಷಧ ಮನೆಯ ಹೊಸ್ತಿಲು ತುಳಿದೊಡನೆ ಕಾವಲೇ ಇಲ್ಲದಂತಾಗುತ್ತದೆ. ಸರಪಳಿಯ ಕೊನೆಯ ಕೊಂಡಿ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ಇದು ಮುದಗಲ್ಲಿನಂಥ ಸಣ್ಣ ಊರಿನ ಸಂಕಟ ಮಾತ್ರವಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹಿರಿಯರನ್ನು ನೋಡಿಕೊಳ್ಳಲು ಏಜೆನ್ಸಿಗಳು ಕಳುಹಿಸುವ ಹೆಣ್ಣುಮಕ್ಕಳನ್ನು ನಾವು 'ಹೋಮ್ ನರ್ಸ್' ಎನ್ನುತ್ತೇವೆ. ಅವರಲ್ಲಿ ಅನೇಕರು ನರ್ಸಿಂಗ್ ಓದಿದವರಲ್ಲ. ಹೆಸರೊಂದೇ ನಮಗೆ ನೆಮ್ಮದಿ ಕೊಡುತ್ತದೆ. ಆ ನೆಮ್ಮದಿಯಲ್ಲಿಯೇ ಅಪಾಯ ಅಡಗಿದೆ. ಖಾಸಗಿ ವೃದ್ಧಾಶ್ರಮಗಳಲ್ಲಿಯೂ ರಾತ್ರಿಯ ಹೊತ್ತು ಮಾತ್ರೆಯ ತಟ್ಟೆ ಹಿಡಿದು ಬರುವವರು ಯಾರೆಂದು ಸೇರಿಸುವಾಗ ಎಷ್ಟು ಮಂದಿ ವಿಚಾರಿಸುತ್ತೇವೆ?

ಮಾತ್ರೆ ಕೊಡುವುದರಲ್ಲಿ ಅಂಥ ದೊಡ್ಡ ವಿದ್ಯೆ ಏನಿದೆ ಎಂದು ಕೇಳುವವರಿದ್ದಾರೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಸೇವಿಸಬೇಕು. ಪ್ರತಿದಿನ ಕೊಟ್ಟರೆ ಅದು ಅಸ್ಥಿಮಜ್ಜೆಯನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲದು. ಊಟ ಸೇರದ ದಿನ ಎಂದಿನಷ್ಟೇ ಇನ್ಸುಲಿನ್ ಚುಚ್ಚಿದರೆ ರಕ್ತದ ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಯನ್ನು, ಅಜ್ಜನಿಗೆ ನುಂಗಲಾಗದೆಂದು ಪುಡಿಮಾಡಿ ಕೊಟ್ಟರೆ ಇಡೀ ದಿನದ ಔಷಧ ಒಮ್ಮೆಗೇ ದೇಹಕ್ಕೆ ಸೇರುತ್ತದೆ. ಒಂದೇ ಔಷಧ ಎರಡು ಕಂಪನಿಗಳ ಎರಡು ಹೆಸರಿನಲ್ಲಿ ಚೀಲ ಸೇರಿದ್ದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಪಟ್ಟಿಯ ಮೇಲಿನ ಅಕ್ಷರಗಳೋ ಇಂಗ್ಲಿಷಿನವು. ಕನ್ನಡ ಮಾತ್ರ ಬಲ್ಲ ಹುಡುಗಿಗೆ ಬಣ್ಣವಲ್ಲದೆ ಬೇರೆ ಆಸರೆ ಏನಿದೆ?

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ, ಔಷಧ ಬಳಕೆಯ ತಪ್ಪುಗಳಿಂದಾಗುವ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸಬೇಕೆಂಬ ಜಾಗತಿಕ ಅಭಿಯಾನವನ್ನು ಆರಂಭಿಸಿತು. 2011ರ ಜನಗಣತಿಯಲ್ಲಿಯೇ ಭಾರತದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಸಮಸ್ಯೆಯ ಗಾತ್ರ ಇದರಿಂದಲೇ ಊಹಿಸಬಹುದು.

ಹಾಗಾದರೆ ತರಬೇತಿ ಇಲ್ಲದವರು ಮಾತ್ರೆ ಮುಟ್ಟಬಾರದೆಂದು ನಿಷೇಧಿಸೋಣವೇ? ಅದು ಅವಿವೇಕ. ಪ್ರತಿ ಮನೆಗೆ ಒಬ್ಬ ಶುಶ್ರೂಷಕಿಯನ್ನು ನೇಮಿಸುವಷ್ಟು ಶುಶ್ರೂಷಕಿಯರೂ ಇಲ್ಲ, ಅಷ್ಟು ಸಂಬಳ ಕೊಡುವ ಶಕ್ತಿಯೂ ಜನರಿಗಿಲ್ಲ. ನಿಷೇಧದಿಂದ ಆಯಾ ಮಾಯವಾಗುವುದಿಲ್ಲ. ತಪ್ಪಾದಾಗ ಬಾಯಿ ಬಿಡಲು ಇನ್ನಷ್ಟು ಹೆದರುತ್ತಾಳೆ, ಅಷ್ಟೆ.

ದಾರಿ ನಮ್ಮ ಅನುಭವದಲ್ಲಿಯೇ ಇದೆ. 1997ರಲ್ಲಿ ಆರಂಭವಾಗಿ 2006ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿದ ಪರಿಷ್ಕೃತ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ, ಆಶಾ, ಕೆಲವೆಡೆ ಅಂಗಡಿಯವರೂ ರೋಗಿಗೆ ಮಾತ್ರೆ ನುಂಗಿಸಿದರು. ಅವರು ಪದವೀಧರರೇನಲ್ಲ. ಆದರೆ ಪ್ರತಿ ರೋಗಿಗೂ ಪ್ರತ್ಯೇಕ ಪೆಟ್ಟಿಗೆಯಿತ್ತು, ಕೊಟ್ಟ ಪ್ರತಿ ಮಾತ್ರೆಗೂ ಕಾರ್ಡಿನಲ್ಲಿ ಗುರುತು ಬೀಳುತ್ತಿತ್ತು, ಅದನ್ನು ಪರಿಶೀಲಿಸುವ ಮೇಲ್ವಿಚಾರಕರಿದ್ದರು. ಬಣ್ಣದ ಗುರುತು ಅಲ್ಲಿಯೂ ಇತ್ತು, ಪೆಟ್ಟಿಗೆಗಳು ಕೆಂಪು ಮತ್ತು ನೀಲಿ. ಆದರೆ ಆ ಬಣ್ಣದ ಹಿಂದೆ ಒಂದು ವ್ಯವಸ್ಥೆ ನಿಂತಿತ್ತು. ಅಮೆರಿಕದ ಟೆಕ್ಸಾಸ್ ರಾಜ್ಯವೂ ಔಷಧ ಸಹಾಯಕರೆಂಬ ಒಂದು ವರ್ಗವನ್ನೇ ರೂಪಿಸಿ, 140 ಗಂಟೆಗಳ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಪದವಿಗಿಂತ ಮುಖ್ಯವಾದುದು ಕಲಿಕೆ, ಎಲ್ಲೆ ಮತ್ತು ಉಸ್ತುವಾರಿ.

ನಮ್ಮಲ್ಲಿ ಇಂಥ ಅವಕಾಶ ಒಮ್ಮೆ ಬಾಗಿಲವರೆಗೆ ಬಂದು ಹಿಂದಿರುಗಿತು. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಹಿರಿಯರ ಆರೈಕೆ ಕೇಂದ್ರಗಳೂ ಮನೆಗೆ ಆರೈಕೆದಾರರನ್ನು ಕಳುಹಿಸುವ ಸಂಸ್ಥೆಗಳೂ ನೋಂದಾಯಿಸಿಕೊಳ್ಳಬೇಕು, ಕನಿಷ್ಠ ಗುಣಮಟ್ಟ ಪಾಲಿಸಬೇಕು ಎಂಬುದು ಅದರಲ್ಲಿತ್ತು. ಅದನ್ನು ಮಂಡಿಸಿದವರು ಅಂದಿನ ಸಾಮಾಜಿಕ ನ್ಯಾಯ ಸಚಿವರು, 2021ರಲ್ಲಿ ಕರ್ನಾಟಕದ ರಾಜ್ಯಪಾಲರಾದ ಥಾವರ್‌ಚಂದ್ ಗೆಹ್ಲೋಟ್. ಮಸೂದೆ ಕಾಯ್ದೆಯಾಗಲಿಲ್ಲ, 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು.

ದೆಹಲಿಯತ್ತ ನೋಡುತ್ತ ಕೂರಬೇಕಾಗಿಲ್ಲ. ಆರೋಗ್ಯ ರಾಜ್ಯದ ವಿಷಯವೇ ಆಗಿದೆ. ಲಿಂಗಸುಗೂರಿನಂಥ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳಲ್ಲಿ ಮನೆ ಆರೈಕೆದಾರರಿಗೆ ಕನ್ನಡದಲ್ಲಿ ಕಿರು ತರಬೇತಿ ಕೊಡಬಹುದು. ಆಕೆ ಏನನ್ನು ಕೊಡಬಹುದು, ಯಾವುದನ್ನು ಸ್ವಂತ ತೀರ್ಮಾನದಿಂದ ಎಂದಿಗೂ ಬದಲಿಸಬಾರದು ಎಂಬ ಎಲ್ಲೆ ಹಾಕಬಹುದು. ಔಷಧದ ಹೆಸರು, ಕಾರಣ, ಹೊತ್ತು, ಪ್ರಮಾಣಗಳನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಪ್ರತಿ ಚೀಲದೊಡನೆ ಹೋಗಬಹುದು. ಸಂಶಯ ಬಂದಾಗ ಕೇಳಲು ಶುಶ್ರೂಷಕಿಯೊಬ್ಬರ ದೂರವಾಣಿ ಇರಬಹುದು. ಇದಾವುದಕ್ಕೂ ಕೋಟಿಗಟ್ಟಲೆ ಹಣ ಬೇಡ.

ನಮ್ಮ ಹೊಣೆಯೂ ಇದೆ. ಆಯಾಳ ಸಂಬಳವನ್ನು ಚೌಕಾಶಿ ಮಾಡಿ ಇಳಿಸುವ ನಾವು, ಅದೇ ಸಂಬಳದಲ್ಲಿ ವೈದ್ಯಕೀಯ ಜಾಣ್ಮೆಯನ್ನೂ ಉಚಿತವಾಗಿ ನಿರೀಕ್ಷಿಸುತ್ತೇವೆ. ಮಾತ್ರೆಯ ಹೊಣೆಯನ್ನು ಆಕೆಗೆ ಒಪ್ಪಿಸಿದ ಮೇಲೆ ಆ ಹೊಣೆಗೆ ತಕ್ಕ ತಿಳಿವಳಿಕೆಯನ್ನೂ ಕೂಲಿಯನ್ನೂ ಕೊಡುವುದು ದಾನವಲ್ಲ, ನ್ಯಾಯ. ಇಲ್ಲವಾದರೆ ನಾಳೆ ಅನಾಹುತವಾದಾಗ ಬೆರಳು ತೋರಿಸಲು ಅತ್ಯಂತ ದುರ್ಬಲಳಾದ ಒಬ್ಬಳು ನಮಗೆ ಸಿಕ್ಕೇ ಸಿಗುತ್ತಾಳೆ. ಹೋದ ಜೀವ ಮಾತ್ರ ಸಿಗುವುದಿಲ್ಲ.