ಒಲೆ ಹತ್ತುವ ಮನೆ

ಬೀಗ ತೆಗೆಯುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಕೀಲಿಗೆ ಕೊಬ್ಬರಿ ಎಣ್ಣೆ ಸವರಿ ತಿರುಗಿಸಿದ್ದಾಯಿತು, ಮತ್ತೆ ಸವರಿದ್ದಾಯಿತು. ಕೊನೆಗೆ ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲನ್ನು ಭುಜದಿಂದ ಒತ್ತಿದಾಗ ಅದು ನರಳುತ್ತ ಒಳಗೆ ಸರಿಯಿತು. ಯುಗಾದಿ ಕಳೆದ ವಾರ. ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದ ಆಚೆ, ಕಾವೇರಿ ದಂಡೆಯ ಒಂದು ಹಳ್ಳಿ.

ಒಳಗೆ ಬಾವಲಿಯ ವಾಸನೆ. ಪಡಸಾಲೆ ದಾಟಿದರೆ ತೊಟ್ಟಿ. ಒಡೆದ ಹೆಂಚಿನ ಸಂದಿಯಿಂದ ಇಳಿದ ಬಿಸಿಲು ಕೆಂಪು ಗಾರೆ ನೆಲದ ಮೇಲೆ ಅಲ್ಲಲ್ಲಿ ಕಾಸಗಲ ಬಿದ್ದಿತ್ತು. ಅಜ್ಜಿ ಹಲಸಿನ ಕಂಬವೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಗಟ್ಟಿ ಸದ್ದು. ಮುಂದಿನ ಕಂಬವನ್ನು ತಟ್ಟಿದರು. ಪೊಳ್ಳು. ಬುಡದಲ್ಲಿ ಮಣ್ಣಿನ ಗೆರೆ ನೆಲದಿಂದ ತೊಲೆಯವರೆಗೂ ಹತ್ತಿತ್ತು.

"ಇಲ್ಲಿ ಒಲೆ ಹತ್ತಿ ಹನ್ನೆರಡು ವರ್ಷ ಆಯ್ತು ಕಣಪ್ಪ. ಹೊಗೆ ಆಡದಿದ್ರೆ ಗೆದ್ದಲೇ ಯಜಮಾನ" ಎಂದರು.

ಬೆಂಗಳೂರಿನಿಂದ ತಿಂಗಳಿಗೆರಡು ಸಲ ಬಂದು ಉಳಿಯಲು ಹಳ್ಳಿಯಲ್ಲೊಂದು ಮನೆ ಬೇಕೆಂದು ನಾನೂ ನನ್ನ ಹೆಂಡತಿಯೂ ಆ ಬೇಸಿಗೆಯಲ್ಲಿ ಹಾಸನ ಸೀಮೆ ಸುತ್ತಿದ್ದೆವು. ನೋಡಿದ ಮನೆಗಳು ಹಲವು. ಆ ಅಜ್ಜಿಯ ಮಾತು ಮಾತ್ರ ಎಲ್ಲ ಕಡೆಯೂ ಹಿಂದೆಯೇ ಬಂತು.

ಅದಾದ ಮೇಲೆ ಹೋದದ್ದು ಚನ್ನರಾಯಪಟ್ಟಣಕ್ಕೆ. ಹೆದ್ದಾರಿಯಿಂದ ಒಳಗೆ ಹೊರಳಿದರೆ ಎರಡೂ ಕಡೆ ತೆಂಗು. ತೋಟದ ನಡುವೆ ತಂತಿಬೇಲಿ, ಕಬ್ಬಿಣದ ಗೇಟು, ಗೇಟಿನ ಮೇಲೆ 'ಫಾರ್ಮ್ ಹೌಸ್' ಎಂಬ ಹಲಗೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದವು. ಬೇಸಾಯ ಗೊತ್ತಿಲ್ಲದ ನಮ್ಮಂಥವರೂ ಈಗ ಸಾಗುವಳಿ ಭೂಮಿ ಕೊಳ್ಳಬಹುದು. ತೋಟ ತೋರಿಸಲು ಬಂದ ಹುಡುಗ ಪಹಣಿ, ಪೋಡಿ, ನಕ್ಷೆ ಎಲ್ಲವನ್ನೂ ಮೊಬೈಲಿನಲ್ಲೇ ತೆರೆದು ತೋರಿಸಿದ. ನೀರು ಎಲ್ಲಿಂದ ಎಂದು ಕೇಳಿದೆ. ಬೋರ್‌ವೆಲ್ ಎಂದವನು ಎಷ್ಟು ಅಡಿ ಎಂದು ಹೇಳಲಿಲ್ಲ. ಬಾಗೂರು-ನವಿಲೆ ಸುರಂಗದಲ್ಲಿ ಹೇಮಾವತಿ ತುಮಕೂರಿನ ಕಡೆಗೆ ಹರಿಯುವುದು ಇದೇ ತಾಲ್ಲೂಕಿನ ನೆಲದಡಿ. ಮೇಲೆ, ಆ ತೋಟದ ತೆಂಗಿನ ಗರಿ ಜೋತುಬಿದ್ದಿತ್ತು. ಪಕ್ಕದ ತೋಟದ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಯಜಮಾನರು ಬಂದು ಆರು ತಿಂಗಳಾಯಿತೆಂದು ಕಾವಲಿನವ ಹೇಳಿದ.

ಹಾಸನ ತಾಲ್ಲೂಕಿನ ಗೊರೂರಿನ ಹತ್ತಿರ ತೋರಿಸಿದ ಜಾಗದಲ್ಲಿ ಕಣ್ಣು ತುಂಬುವಷ್ಟು ನೀರಿತ್ತು. "ಇಲ್ಲಿ ಮನೆ ಕಟ್ಟಿದ್ರೆ ಜಗುಲಿ ಮೇಲೆ ಕೂತೇ ಹಿನ್ನೀರು ನೋಡ್ಬೋದು ಸಾ" ಎಂದರು. ನೋಡಿದೆವು. ಇದೇ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಚರ್ಚು ನೆನಪಾಯಿತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬರಿಗೋಡೆಗಳೊಂದಿಗೆ ಮೇಲೇಳುತ್ತದೆ. ಅದನ್ನು ನೋಡಲು ಜನ ದೂರದೂರದಿಂದ ಬರುತ್ತಾರೆ. ಅದರ ಸುತ್ತ ಇದ್ದ ಮನೆಗಳು ಮೇಲೇಳುವುದಿಲ್ಲ. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆಯ ನೀರು ಊರೂರನ್ನೇ ಎಬ್ಬಿಸಿ ಕಳಿಸಿತು. ಎಷ್ಟೋ ಒಲೆಗಳು ಆರಿದ ಆ ನೀರನ್ನು ಬರೀ ನೋಟವೆಂದು ಕೊಳ್ಳಲು ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ. ಹೆಂಡತಿ ಮಾತಿಲ್ಲದೆ ಕಾರು ಹತ್ತಿದಳು.

ಹೊಳೆನರಸೀಪುರದಲ್ಲಿ ಹೊಳೆಗೆ ಹತ್ತಿರದ ಬೀದಿಯಲ್ಲಿ ಒಂದು ಒಳ್ಳೆಯ ಹಳೇ ಮನೆ ಸಿಕ್ಕಿತು. ಮೊಣಕಾಲೆತ್ತರದ ಜಗುಲಿ, ಹಿತ್ತಲಲ್ಲಿ ನುಗ್ಗೆ, ಸೇದುವ ಬಾವಿ. ಬಾವಿಗಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಬೆರಳು ಕೂರುವಷ್ಟು ಆಳದ ಗೆರೆ. ಆದರೆ ಮನೆ ಪಿತ್ರಾರ್ಜಿತ, ಪಾಲುದಾರರು ಏಳು ಜನ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು, ಕ್ರಯಪತ್ರಕ್ಕೆ ಅಕ್ಕತಂಗಿಯರ ಸಹಿಯೂ ಬೇಕು. ಅದು ನ್ಯಾಯವೂ ಹೌದು. ಒಬ್ಬ ತಂಗಿ ಫೋನಿನಲ್ಲಿ ಹೇಳಿದರು: "ನನ್ನ ಬಾಣಂತನ ಆದದ್ದು ಆ ನಡುಮನೇಲಿ. ದುಡ್ಡು ಬೇಡ, ಮನೆ ಇರ್ಲಿ." ಆ ಮಾತಿಗೆ ಎದುರು ಹೇಳುವಂಥದ್ದು ನಮ್ಮಲ್ಲಿ ಏನೂ ಇರಲಿಲ್ಲ.

ಹಿಂದಿರುಗುವಾಗ ರುದ್ರಪಟ್ಟಣಕ್ಕೆ ಹೋದೆವು. ಕಾವೇರಿ ದಂಡೆಯ ಈ ಸಂಗೀತದ ಊರಿನಲ್ಲೇ 1920ರಲ್ಲಿ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು. ವಿದ್ವಾಂಸರ ಮನೆತನಗಳು ಮೈಸೂರು, ಬೆಂಗಳೂರು ಸೇರಿದರೂ ಊರಿನ ಹೆಸರು ಅವರ ಹೆಸರಿನ ಮುಂದೆಯೇ ಉಳಿಯಿತು. ಅಲ್ಲಿ ಹುಟ್ಟಿದ ಆರ್.ಕೆ. ಪದ್ಮನಾಭ ಅವರು ಮರಳಿ ಬಂದು ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತಾ ಧ್ಯಾನಮಂದಿರ ಕಟ್ಟಿಸಿದರು. ಸಂಗೀತೋತ್ಸವ ಬಂದರೆ ಊರು ತುಂಬುತ್ತದೆ. ಆ ಮಧ್ಯಾಹ್ನ ಮಂದಿರದ ಮುಂದೆ ಗಾಳಿಯ ಸದ್ದೊಂದೇ ಇತ್ತು. ಊರಿಗೆ ಬರುವವರು ಊರಿಗಾಗಿ ಏನಾದರೂ ಕೈಯಲ್ಲಿ ಹಿಡಿದು ಬರಬೇಕು ಎಂಬುದು ಅಲ್ಲಿ ನನಗೆ ಹೊಳೆಯಿತು.

ಕೊನೆಗೆ ಬೀಗ ಬಿಗಿದಿದ್ದ ಆ ಮನೆಗೇ ಬಂದೆವು. ಕೊಳ್ಳಲಿಲ್ಲ. ಹನ್ನೊಂದು ತಿಂಗಳ ಕರಾರಿನಲ್ಲಿ ಬಾಡಿಗೆಗೆ ಹಿಡಿದೆವು. ಬಾಡಿಗೆಯ ಒಂದು ಭಾಗ ದುರಸ್ತಿಗೆ ಎಂದು ಮನೆಯವರು ಒಪ್ಪಿದರು. ಮೇಸ್ತ್ರಿ ಪೊಳ್ಳು ಕಂಬದ ಪಕ್ಕಕ್ಕೆ ಗುಜ್ಜು ಕೊಟ್ಟು, ತೊಲೆಯ ಭಾರ ಅದರ ಮೇಲೆ ನಿಲ್ಲಿಸಿ, ಆಮೇಲೆ ಹಳೆಯದನ್ನು ಬಿಡಿಸಿ ಹೊಸದನ್ನು ಕೂರಿಸಿದರು. ಬೀಗದ ಕೈ ಅಜ್ಜಿಯ ಬಳಿ ಉಳಿಯಿತು. ನಾವಿಲ್ಲದ ದಿನ ಅವರೇ ಹಿತ್ತಲ ಬಾಗಿಲಿಂದ ಬಂದು ಅಡುಗೆಮನೆಯ ಒಲೆ ಹಚ್ಚುತ್ತಾರೆ. ನಮ್ಮ ಸೌದೆಯಲ್ಲಿ ಅವರ ಮುದ್ದೆ ಬೇಯುತ್ತದೆ, ಆ ಹೊಗೆಯಲ್ಲಿ ನಮ್ಮ ತೊಲೆ ಒಣಗುತ್ತದೆ.

ಶ್ರಾವಣದ ಒಂದು ಶನಿವಾರ ಹೋದಾಗ ಮಳೆ ಹಿಡಿದಿತ್ತು. ಕಾವೇರಿ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಹೊಲದಾಚೆಯ ಬ್ಯಾರನ್ನುಗಳಿಂದ ಹದಗೊಳ್ಳುವ ತಂಬಾಕಿನ ಘಾಟು ಬರುತ್ತಿತ್ತು. ತೊಟ್ಟಿಯೊಳಗೆ ನಾಲ್ಕೂ ಕಡೆಯಿಂದ ನೀರು ಧಾರೆಗಟ್ಟಿ ಬೀಳುತ್ತಿತ್ತು. ಬೀದಿಯ ತಿರುವಿನಲ್ಲೇ ಹೆಂಡತಿ ನನ್ನ ತೋಳು ಹಿಡಿದು ನಿಲ್ಲಿಸಿದ್ದಳು. ನೆನೆದ ಹೆಂಚುಗಳ ಸಂದಿಯಿಂದ ನೀಲಿ ಹೊಗೆ ಸಣ್ಣಗೆ ಮೇಲೇಳುತ್ತಿತ್ತು.